ಒಂದು ಗಂಟೆಯ ಉಪವಾಸ, ಶನಿವಾರದ ರಾತ್ರಿ

ಕ್ರಿಸ್ಮಸ್ ಹತ್ತಿರವಾದಾಗ, ಮನೆಯಲ್ಲಿ ಮದುವೆ ಇದ್ದಾಗ, ಚರ್ಚಿನ ವಾರ್ಷಿಕ ಹಬ್ಬದ ದಿನಗಳಲ್ಲಿ ನಮ್ಮ ಕಥೋಲಿಕ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಕುಡಿದಿದ್ದರೆ ಪರಮಪ್ರಸಾದ ತಗೊಳ್ಳಬಹುದಾ? ಚರ್ಚಿನ ಪೂಜೆಯಲ್ಲಿ ಕ್ರಿಸ್ತರ ಶರೀರವೆಂದು ನಂಬಿ ನಾವು ಸ್ವೀಕರಿಸುವ ರೊಟ್ಟಿಯೇ ಪರಮಪ್ರಸಾದ. ಫಾದರ್ ಎದುರು ನಿಂತು ಇದನ್ನು ಕೇಳುವವರು ಕಡಿಮೆ. ಪೂಜೆಗೆ ಹೊರಡುವ ಗಡಿಬಿಡಿಯಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಭಾವನನ್ನೋ ಚಿಕ್ಕಪ್ಪನ ಮಗನನ್ನೋ ಕೇಳಿಬಿಡುತ್ತಾರೆ. ಉತ್ತರವೂ ಅಲ್ಲೇ ಸಿಗುತ್ತದೆ: "ಒಂದು ಗಂಟೆ ಆಯ್ತಲ್ಲ, ಏನಾಗಲ್ಲ ಬಾರೋ."

ಕಾನೂನಿನ ಮಟ್ಟಿಗೆ ಆ ಉತ್ತರ ಪೂರ್ತಿ ತಪ್ಪೇನಲ್ಲ. ಆದರೆ ಗಡಿಯಾರ ನೋಡಿ ಈ ವಿಷಯವನ್ನು ತೀರ್ಮಾನಿಸಿಬಿಡುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಕುಡಿತದ ಬಗ್ಗೆಯೂ ಪರಮಪ್ರಸಾದದ ಬಗ್ಗೆಯೂ ಒಂದೇ ಉಸಿರಿನಲ್ಲಿ ಮಾತಾಡಿದ ಬಹಳ ಹಳೆಯ ಬರಹವೊಂದು ನಮ್ಮ ಬೈಬಲಿನಲ್ಲೇ ಇದೆ. ಅದು ಕೇಳುವ ಪ್ರಶ್ನೆಗೂ ನಾವು ಚಪ್ಪಲಿ ಮೆಟ್ಟುವಾಗ ಕೇಳುವ ಪ್ರಶ್ನೆಗೂ ಬಹಳ ದೂರ.

ಮೊದಲು ಕಾನೂನನ್ನೇ ನೋಡಿಬಿಡೋಣ. ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚಿನ, 1983ರ ಕಾನೂನು ಸಂಹಿತೆಯಲ್ಲಿ 919ನೇ ನಿಯಮ ಇದರದ್ದು. ಪರಮಪ್ರಸಾದ ಸ್ವೀಕರಿಸುವವರು ಅದಕ್ಕೆ ಮೊದಲು ಕನಿಷ್ಠ ಒಂದು ಗಂಟೆ ಏನನ್ನೂ ತಿನ್ನಬಾರದು, ಕುಡಿಯಬಾರದು. ನೀರು ಮತ್ತು ಔಷಧಿಗೆ ಮಾತ್ರ ವಿನಾಯಿತಿ. ವಯಸ್ಸಾದವರಿಗೆ, ಕಾಯಿಲೆಯವರಿಗೆ, ಅವರ ಆರೈಕೆಯಲ್ಲಿರುವವರಿಗೆ ಈ ಒಂದು ಗಂಟೆಯ ಕಟ್ಟೂ ಇಲ್ಲ. ಗಂಟೆಯ ಲೆಕ್ಕ ಪೂಜೆ ಶುರುವಾಗುವ ಹೊತ್ತಿಗಲ್ಲ, ಪರಮಪ್ರಸಾದ ನಾಲಿಗೆಯ ಮೇಲೆ ಬೀಳುವ ಹೊತ್ತಿಗೆ. ಹಾಗಾಗಿ ಭಾನುವಾರದ ಪೂಜೆಯಲ್ಲಿ ವಾಚನ, ಪ್ರಬೋಧನೆ, ವಿಶ್ವಾಸಿಗಳ ಪ್ರಾರ್ಥನೆ, ಅರ್ಪಣೆ ಎಲ್ಲ ಮುಗಿಯುವಷ್ಟರಲ್ಲಿ ಆ ಗಂಟೆಯ ಬಹುಪಾಲು ಕಳೆದೇ ಹೋಗಿರುತ್ತದೆ. ಇಷ್ಟು ಹಗುರಾದ ಉಪವಾಸವನ್ನು ಮುರಿಯಬೇಕಾದರೆ ಚರ್ಚಿನ ಗೇಟಿನವರೆಗೂ ಏನಾದರೂ ತಿನ್ನುತ್ತಾ ಬರಬೇಕು.

ಅದು ಮೊದಲಿನಿಂದಲೂ ಹಗುರಾಗಿರಲಿಲ್ಲ. ನಮ್ಮ ಅಜ್ಜಿಯರ ಕಾಲದಲ್ಲಿ ಮಧ್ಯರಾತ್ರಿ ಕಳೆದ ಮೇಲೆ ಒಂದು ತೊಟ್ಟು ನೀರೂ ಇಲ್ಲ. ಭಾನುವಾರ ಕತ್ತಲಿರುವಾಗಲೇ ಎದ್ದು, ಬರಿಹೊಟ್ಟೆಯಲ್ಲಿ ಚರ್ಚಿಗೆ ನಡೆದು, ಪೂಜೆ ಮುಗಿಸಿ ಮತ್ತೆ ನಡೆದು ಬಂದು, ಒಲೆ ಹಚ್ಚಿ ಕಾಫಿ ಇಳಿಸಿದ ಮೇಲೆಯೇ ಗಂಟಲಿಗೆ ಏನಾದರೂ ಇಳಿಯುತ್ತಿದ್ದುದು. ಇದು ನೂರಾರು ವರ್ಷಗಳ ರೂಢಿ. ಸುಮಾರು 400ರ ಹೊತ್ತಿಗೆ ಸಂತ ಅಗಸ್ಟೀನರು ಜನುವಾರಿಯುಸ್ ಎಂಬವನಿಗೆ ಬರೆದ ಪತ್ರದಲ್ಲಿ, ಇಷ್ಟು ದೊಡ್ಡ ಸಂಸ್ಕಾರದ ಗೌರವಕ್ಕಾಗಿ ಪ್ರಭುವಿನ ಶರೀರವೇ ಕ್ರೈಸ್ತರ ಬಾಯನ್ನು ಮೊದಲು ಸೇರಬೇಕು, ಎಲ್ಲ ಕಡೆಯ ಧರ್ಮಸಭೆಯೂ ಹಾಗೆಯೇ ನಡೆದುಕೊಳ್ಳುತ್ತಿದೆ ಎಂದಿದ್ದಾರೆ. 1917ರ ಕಾನೂನು ಸಂಹಿತೆಯಲ್ಲೂ ಮಧ್ಯರಾತ್ರಿಯಿಂದ ಉಪವಾಸ ಎಂದೇ ಇತ್ತು.

ಬದಲಾವಣೆ ಬಂದದ್ದು ಪೋಪ್ ಹನ್ನೆರಡನೆಯ ಪಿಯುಸರ ಕಾಲದಲ್ಲಿ. 1953ರ ಜನವರಿ 6ರಂದು ಅವರು ಹೊರಡಿಸಿದ ಶಾಸನ ನೀರು ಉಪವಾಸವನ್ನು ಮುರಿಯುವುದಿಲ್ಲ ಎಂದಿತು, ಸಂಜೆಯ ಪೂಜೆಗೂ ಕೆಲವು ಷರತ್ತುಗಳೊಂದಿಗೆ ದಾರಿ ಮಾಡಿತು. ಸಂಜೆ ಪೂಜೆ ಎಂದರೆ ಮಧ್ಯಾಹ್ನದ ಊಟ, ಯುರೋಪಿನಲ್ಲಿ ಊಟ ಎಂದರೆ ಜೊತೆಗೆ ವೈನು, ಬಿಯರು. ಹಾಗಾಗಿ ಅವುಗಳ ಮಾತೂ ಅಲ್ಲಿ ಬಂತು. ಪೂಜೆಗೆ ಮೂರು ಗಂಟೆ ಮೊದಲು ಮುಗಿಸುವ ಊಟದ ಜೊತೆ ಮಿತಿಯಲ್ಲಿ ವೈನು, ಬಿಯರು ಆಗಬಹುದು, ಬ್ರಾಂದಿ ವಿಸ್ಕಿಯಂಥ ಗಡುಸಾದ ಮದ್ಯ ಕೂಡದು. 1957ರ ಮಾರ್ಚ್ 19ರ ಆದೇಶ ಇದನ್ನು ಇನ್ನಷ್ಟು ಸರಳ ಮಾಡಿತು: ಗಟ್ಟಿ ಆಹಾರಕ್ಕೂ ಮದ್ಯಕ್ಕೂ ಮೂರು ಗಂಟೆ, ಕಾಫಿ ಹಾಲಿನಂಥವಕ್ಕೆ ಒಂದು ಗಂಟೆ. 1964ರ ನವೆಂಬರ್ 21ರಂದು, ಎರಡನೆಯ ವ್ಯಾಟಿಕನ್ ಮಹಾಸಭೆ ನಡೆಯುತ್ತಿದ್ದಾಗ, ಪೋಪ್ ಆರನೆಯ ಪೌಲರು ಎಲ್ಲವನ್ನೂ ಒಂದು ಗಂಟೆಗೆ ಇಳಿಸಿದರು. ಮದ್ಯಕ್ಕೂ ಇದೇ ರಿಯಾಯಿತಿ, ಆದರೆ ತಕ್ಕ ಮಿತಿ ಇರಬೇಕು ಎಂದು ಒಂದು ಮಾತು ಸೇರಿಸಿದರು. 1983ರ ಸಂಹಿತೆ ಮದ್ಯವನ್ನು ಬೇರೆಯಾಗಿ ಹೆಸರಿಸುವುದಿಲ್ಲ. ಭಾವ ಹೇಳುವ "ಒಂದು ಗಂಟೆ ಆಯ್ತಲ್ಲ" ಇಲ್ಲಿಂದ ಬಂದದ್ದು. ಬರುವಾಗ ಆ ಮಿತಿಯ ಮಾತು ದಾರಿಯಲ್ಲಿ ಉದುರಿಹೋಗಿದೆ.

ಇಷ್ಟಕ್ಕೂ ಪರಮಪ್ರಸಾದಕ್ಕೆ ಮೊದಲು ಉಪವಾಸ ಯಾಕೆ? ಹದಿಮೂರನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಮೂರು ಕಾರಣ ಕೊಟ್ಟರು. ಮೊದಲನೆಯದು ಸಂಸ್ಕಾರದ ಗೌರವ. ಎರಡನೆಯದು, ಕ್ರಿಸ್ತರೇ ನಮ್ಮ ಹೃದಯದಲ್ಲಿ ಎಲ್ಲಕ್ಕಿಂತ ಮೊದಲು ನೆಲೆಯೂರಬೇಕು ಎಂಬುದರ ಗುರುತು. ಮೂರನೆಯದು ಬಹಳ ನೇರವಾದದ್ದು: ವಾಂತಿ ಮತ್ತು ಅಮಲಿನ ಅಪಾಯ. ಹೊಟ್ಟೆಬಾಕತನದಿಂದ ಇಂಥದ್ದು ಆಗುವುದುಂಟು ಎಂದು ಹೇಳಿ ಅವರು ಸಂತ ಪೌಲರ ಒಂದು ಸಾಲನ್ನು ಸಾಕ್ಷಿಗೆ ತರುತ್ತಾರೆ: "ಒಬ್ಬನು ಹಸಿದಿರುತ್ತಾನೆ, ಮತ್ತೊಬ್ಬನು ಕುಡಿದು ಮತ್ತನಾಗಿರುತ್ತಾನೆ."

ನಾನು ಮೊದಲು ಹೇಳಿದ ಹಳೆಯ ಬರಹ ಇದೇ. ಗ್ರೀಸಿನ ಕೊರಿಂಥ ಪಟ್ಟಣದ ಕ್ರೈಸ್ತರಿಗೆ ಪೌಲರು ಬರೆದ ಮೊದಲ ಪತ್ರ, ಹನ್ನೊಂದನೆಯ ಅಧ್ಯಾಯ. ಯೇಸುಸ್ವಾಮಿ ಶಿಲುಬೆಯಲ್ಲಿ ಪ್ರಾಣಬಿಟ್ಟು ಸುಮಾರು ಇಪ್ಪತ್ತೈದು ವರ್ಷ ಕಳೆದಿರಬಹುದು, ಅಷ್ಟೆ. ಅವರ ಬದುಕನ್ನು ಹೇಳುವ ನಾಲ್ಕು ಶುಭಸಂದೇಶಗಳು ಇನ್ನೂ ಬರಹಕ್ಕೆ ಇಳಿದಿರಲಿಲ್ಲ. ಕಡೆಯ ಭೋಜನದಲ್ಲಿ ಪ್ರಭು ರೊಟ್ಟಿಯನ್ನು ತೆಗೆದುಕೊಂಡು ಮುರಿದು "ಇದು ನನ್ನ ಶರೀರ" ಎಂದ ವಿವರ ಮೊದಲು ಬರಹದಲ್ಲಿ ಸಿಗುವುದು ಇಲ್ಲಿ. ಪೂಜೆಯಲ್ಲಿ ಗುರುಗಳು ಪ್ರತಿದಿನ ಉಚ್ಚರಿಸುವ ಆ ಮಾತುಗಳ ಅತಿ ಹಳೆಯ ದಾಖಲೆ ಇರುವುದು ಒಂದು ಬೈಗುಳದ ನಡುವೆ. ಬೈಗುಳಕ್ಕೆ ಕಾರಣ ಕುಡಿತ ಮತ್ತು ಹಸಿವು.

ಆಗ ಚರ್ಚು ಎಂಬ ಕಟ್ಟಡ ಇರಲಿಲ್ಲ. ಸ್ಥಿತಿವಂತರೊಬ್ಬರ ಮನೆಯಲ್ಲಿ ಎಲ್ಲರೂ ಕೂಡುತ್ತಿದ್ದರು, ಪ್ರಭುವಿನ ಭೋಜನಕ್ಕೆ ಹೊಂದಿಕೊಂಡೇ ಒಂದು ಊಟವೂ ಇರುತ್ತಿತ್ತು. ಭಾನುವಾರ ಆ ಕಾಲಕ್ಕೆ ರಜೆಯಲ್ಲ. ಗುಲಾಮರು, ಬಂದರಿನಲ್ಲಿ ಮೂಟೆ ಹೊರುವವರು, ಕೂಲಿಯವರು ಕೆಲಸ ಬಿಟ್ಟ ಮೇಲೆಯೇ ಬರಬೇಕು. ಬಿಡುವಿದ್ದವರು ಬೇಗ ಬಂದು, ಒಳಗಿನ ಊಟದ ಕೋಣೆಯಲ್ಲಿ ಒರಗಿಕೊಂಡು, ತಂದದ್ದನ್ನು ತಾವೇ ತಿಂದು ಕುಡಿದು ಮುಗಿಸುತ್ತಿದ್ದರು. ಪಂಡಿತರು ಆ ಪತ್ರವನ್ನೂ ಆ ಕಾಲದ ಮನೆಗಳ ಅಡಿಪಾಯವನ್ನೂ ಇಟ್ಟುಕೊಂಡು ಕಟ್ಟಿಕೊಡುವ ಚಿತ್ರ ಇದು. ಬೆವರು ಒಣಗುವ ಮೊದಲೇ ಓಡಿಬಂದವನಿಗೆ ಅಂಗಳದಲ್ಲಿ ಜಾಗ, ಮುಂದೆ ಬರಿದಾದ ಪಾತ್ರೆ, ಒಳಗಿನಿಂದ ಅಮಲೇರಿದವರ ನಗು. ಅದಾದ ಮೇಲೆ ಎಲ್ಲರೂ ಸೇರಿ ಒಂದೇ ರೊಟ್ಟಿ, ಒಂದೇ ಪಾನಪಾತ್ರೆ.

ಪೌಲರಿಗೆ ಇದು ಸಹಿಸಲಿಲ್ಲ. ಉಣ್ಣಲು ಕುಡಿಯಲು ನಿಮಗೆ ಮನೆಗಳಿಲ್ಲವೇ, ಏನೂ ಇಲ್ಲದವರನ್ನು ನಾಚಿಕೆಪಡಿಸುತ್ತೀರಾ ಎಂದು ಕೇಳುತ್ತಾರೆ. ಆ ಸಿಟ್ಟಿನಲ್ಲೇ ಕಡೆಯ ಭೋಜನವನ್ನು ನೆನಪಿಸಿ, ಅಯೋಗ್ಯವಾಗಿ ಇದನ್ನು ಉಣ್ಣುವವನು ಪ್ರಭುವಿನ ಶರೀರಕ್ಕೂ ರಕ್ತಕ್ಕೂ ದ್ರೋಹ ಮಾಡಿದವನಾಗುತ್ತಾನೆ ಎನ್ನುತ್ತಾರೆ. ಆದ್ದರಿಂದ ಪ್ರತಿಯೊಬ್ಬನೂ ತನ್ನನ್ನು ತಾನು ಪರೀಕ್ಷಿಸಿಕೊಂಡು ಆಮೇಲೆ ರೊಟ್ಟಿಯನ್ನು ಉಣ್ಣಲಿ, ಪಾತ್ರೆಯಿಂದ ಕುಡಿಯಲಿ. ಯೋಗ್ಯತೆಯ ಬಗ್ಗೆ ಧರ್ಮೋಪದೇಶದ ತರಗತಿಯಲ್ಲಿ ನಾವು ಕಲಿತದ್ದೆಲ್ಲ, ಪಾಪನಿವೇದನೆಗೆ, ಅಂದರೆ ಗುರುಗಳ ಬಳಿ ಪಾಪ ಹೇಳಿಕೊಳ್ಳುವುದಕ್ಕೆ, ಮೊದಲು ಮಾಡುವ ಆತ್ಮಪರೀಕ್ಷೆಯೂ, ಈ ಸಾಲುಗಳ ಮೇಲೆ ನಿಂತಿದೆ. ಆದರೆ ಆ ಸಾಲುಗಳು ಯಾವ ಸಂದರ್ಭದಲ್ಲಿ ಬಂದವು ಎಂಬುದನ್ನು ನಮಗೆ ಹೇಳಿದವರು ಕಡಿಮೆ. ಒಬ್ಬ ಕುಡಿದು ತುಂಬಿದ್ದ, ಅವನ ಪಕ್ಕದಲ್ಲೇ ಒಬ್ಬ ಹಸಿದಿದ್ದ. ಪೌಲರು ಇವೆರಡನ್ನೂ ಒಂದೇ ಸಾಲಿನಲ್ಲಿ ಇಟ್ಟರು, ಬಿಡಿಸಿ ಇಡಲಿಲ್ಲ.

ಸಂತ ಜಾನ್ ಕ್ರಿಸೊಸ್ತೋಮರು ಈ ಪತ್ರದ ಮೇಲೆ ಪ್ರಬೋಧನೆ ಮಾಡುವಾಗ ಇದನ್ನೇ ಹಿಡಿದರು. ಪ್ರಭುವಿನ ರಕ್ತವನ್ನು ಸವಿದೂ ನಿನ್ನ ಸಹೋದರನನ್ನು ನೀನು ಗುರುತಿಸುತ್ತಿಲ್ಲ ಎಂದರು. ಕಥೋಲಿಕ ಧರ್ಮಸಭೆಯ ಇಂದಿನ ಧರ್ಮೋಪದೇಶ ಗ್ರಂಥ 1397ನೇ ಪರಿಚ್ಛೇದದಲ್ಲಿ ಆ ಮಾತನ್ನು ಎತ್ತಿಕೊಂಡು, ಪರಮಪ್ರಸಾದ ನಮ್ಮನ್ನು ಬಡವರಿಗೆ ಬದ್ಧರನ್ನಾಗಿ ಮಾಡುತ್ತದೆ ಎಂದು ಬರೆದಿದೆ.

ಈ ಅಧ್ಯಾಯವನ್ನು ಕರ್ನಾಟಕದ ಯಾವುದೇ ಕೂಲಿಯವರ ಕೇರಿಯಲ್ಲಿ ಕೂತು ಓದಿದರೆ ಅದಕ್ಕೆ ವ್ಯಾಖ್ಯಾನ ಬೇಕಾಗುವುದಿಲ್ಲ. ಶನಿವಾರ ವಾರದ ಬಟವಾಡೆ. ಮೇಸ್ತ್ರಿ ಕೈಗೆ ಕೊಟ್ಟ ನೋಟುಗಳು ಮನೆಗೆ ಬರುವ ದಾರಿಯಲ್ಲಿ ಅಂಗಡಿಯ ಕಿಂಡಿ ದಾಟಿಯೇ ಬರಬೇಕು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾದಾಗ ಎಷ್ಟೋ ಹೆಂಗಸರು ಇನ್ನು ಉಳಿದೆವು ಅಂದುಕೊಂಡರು. ಸಾರಾಯಿ ಪ್ಯಾಕೆಟ್ ಹೋಯಿತು, ಕುಡಿತ ಇನ್ನೂ ದುಬಾರಿಯ ಬಾಟಲಿಗೆ ಏರಿತು. ರಾತ್ರಿ ಮನೆಯಲ್ಲಿ ಅನ್ನದ ತಪ್ಪಲೆಗೆ ಏನು ಬಿತ್ತು, ಮಗುವಿನ ಶಾಲೆಯ ದುಡ್ಡು ಏನಾಯಿತು, ಯಾರ ಮೈಮೇಲೆ ಕೈ ಬಿತ್ತು ಎಂಬುದು ಆ ಮನೆಯ ಗೋಡೆಗೆ ಗೊತ್ತು. ಬೆಳಿಗ್ಗೆ ಏಳರ ಪೂಜೆಗೆ ಅದೇ ಗಂಡಸು ಸ್ನಾನ ಮಾಡಿ, ಇಸ್ತ್ರಿ ಮಾಡಿದ ಷರ್ಟು ತೊಟ್ಟು ಬರುತ್ತಾನೆ. ಕೊನೆಯ ಗುಟುಕು ಕುಡಿದು ಎಂಟು ಒಂಬತ್ತು ಗಂಟೆ ಆಗಿರುತ್ತದೆ. 919ನೇ ನಿಯಮಕ್ಕೆ ಎಂಟು ಪಟ್ಟು ವಿಧೇಯನಾಗಿದ್ದಾನೆ. ಅವನ ಹೆಂಡತಿ ಹಿಂದಿನ ಸಾಲಿನಲ್ಲಿ, ತಲೆಯ ಮೇಲಿನ ಸೆರಗನ್ನು ಕೆನ್ನೆ ಮುಚ್ಚುವಷ್ಟು ಮುಂದಕ್ಕೆಳೆದುಕೊಂಡು ಕೂತಿರುತ್ತಾಳೆ. ನಾನು ಇಂಥ ಹೆಂಗಸರ ಪಕ್ಕದಲ್ಲಿ ಕೂತು ಬೆಳೆದವಳು. ಅವರಲ್ಲಿ ಕೆಲವರು ಪರಮಪ್ರಸಾದಕ್ಕೆ ಏಳುತ್ತಲೇ ಇರಲಿಲ್ಲ. ರಾತ್ರಿ ಗಂಡನಿಗೆ ಶಾಪ ಹಾಕಿಬಿಟ್ಟೆ, ನನಗೆ ಯೋಗ್ಯತೆ ಇಲ್ಲ ಎನ್ನುತ್ತಿದ್ದರು. ಹಸಿದವಳು ತನ್ನನ್ನು ಪರೀಕ್ಷಿಸಿಕೊಂಡು ಕೂತಲ್ಲೇ ಉಳಿದಳು, ಕುಡಿದವನು ಗಡಿಯಾರ ನೋಡಿಕೊಂಡು ಸಾಲಿಗೆ ಹೋದ. ಪೌಲರ ಮಾತು ಇಷ್ಟು ತಲೆಕೆಳಗಾದದ್ದನ್ನು ನೋಡಿದರೆ ನನಗೆ ಈಗಲೂ ಸಂಕಟವಾಗುತ್ತದೆ.

ಹಾಗಾದರೆ ಮದ್ಯವೇ ಪಾಪ ಎಂದು ಸಾರಿಬಿಟ್ಟರೆ ಆಯಿತಲ್ಲ? ನಮ್ಮ ಧರ್ಮಸಭೆ ಹಾಗೆ ಮಾಡಲಿಲ್ಲ, ಮಾಡಲಾರದು. ಬೇರೆ ಧರ್ಮದ ಗೆಳತಿಯರು ಕೇಳುವುದುಂಟು: "ನಿಮ್ಮಲ್ಲಿ ಕುಡಿಯೋದು ತಪ್ಪಲ್ಲವಂತೆ, ದೇವರ ಮುಂದೆಯೇ ವೈನ್ ಇಡ್ತೀರಂತೆ?" ಹೌದು, ಇಡುತ್ತೇವೆ. ಅರ್ಪಣೆಯ ಹೊತ್ತಿಗೆ ಬಲಿಪೀಠದ ಬಳಿ ಎರಡು ಪುಟ್ಟ ಗಾಜಿನ ಕುಡಿಕೆಗಳು ಬರುತ್ತವೆ. ಒಂದರಲ್ಲಿ ದ್ರಾಕ್ಷಾರಸ, ಇನ್ನೊಂದರಲ್ಲಿ ನೀರು. ಗುರುಗಳು ಪಾನಪಾತ್ರೆಗೆ ದ್ರಾಕ್ಷಾರಸ ಸುರಿದು, ಅದಕ್ಕೆ ಒಂದೆರಡು ಹನಿ ನೀರು ಬೆರೆಸುತ್ತಾರೆ. ಬೆರೆಸುವಾಗ ತುಟಿಯಲ್ಲೇ ಒಂದು ಪ್ರಾರ್ಥನೆ: ನಮ್ಮ ಮಾನವತ್ವದಲ್ಲಿ ಪಾಲುಗೊಂಡ ಕ್ರಿಸ್ತರ ದೈವತ್ವದಲ್ಲಿ ನಾವೂ ಪಾಲುಗೊಳ್ಳುವಂತಾಗಲಿ ಎಂಬ ಅರ್ಥದ್ದು. ಆ ದ್ರಾಕ್ಷಾರಸ ದ್ರಾಕ್ಷಿಯಿಂದಲೇ ಆದ ಸಹಜವಾದದ್ದಾಗಿರಬೇಕು, ಕೆಟ್ಟಿರಬಾರದು ಎಂದು 924ನೇ ನಿಯಮ ಹೇಳುತ್ತದೆ. ಬೇರೆ ಹಣ್ಣಿನ ರಸ, ಬಣ್ಣದ ಪಾನಕ ನಡೆಯುವುದಿಲ್ಲ. ಕಾನಾ ಊರಿನ ಮದುವೆಯಲ್ಲಿ ಯೇಸುಸ್ವಾಮಿ ಆರು ಕಲ್ಲಿನ ಬಾನಿಗಳ ನೀರನ್ನು ದ್ರಾಕ್ಷಾರಸ ಮಾಡಿದರು. ಅವರನ್ನು ಹೊಟ್ಟೆಬಾಕ, ಕುಡುಕ ಎಂದು ಹೀಯಾಳಿಸಿದವರೂ ಇದ್ದರು. ಮತ್ತಾಯರ ಶುಭಸಂದೇಶದಲ್ಲಿ ಅದನ್ನು ಯೇಸುಸ್ವಾಮಿಯ ಬಾಯಿಂದಲೇ ಕೇಳುತ್ತೇವೆ. ಮಿತಿಯಲ್ಲಿ ಕುಡಿದರೆ ದ್ರಾಕ್ಷಾರಸ ಮನುಷ್ಯನಿಗೆ ಜೀವದಂತೆ ಎಂದು ಬೈಬಲಿನ ಸಿರಾಖನ ಗ್ರಂಥದ 31ನೇ ಅಧ್ಯಾಯ ಹೇಳುತ್ತದೆ, ಮಿತಿ ಮೀರಿದರೆ ಜಗಳ, ಕಹಿ ಎಂದೂ ಅಲ್ಲೇ ಹೇಳುತ್ತದೆ.

ನಮ್ಮ ಮನೆಗಳ ಕ್ರಿಸ್ಮಸ್ ವೈನೂ ಈ ಸಂಭ್ರಮಕ್ಕೆ ಸೇರಿದ್ದು. ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆಯ ಬೆಂಗಳೂರು ಬ್ಲೂ ದ್ರಾಕ್ಷಿಯನ್ನು ತೊಳೆದು, ಬಟ್ಟೆಯ ಮೇಲೆ ಹರಡಿ ನೀರು ಆರಿಸಿ, ಕೈಯಲ್ಲಿ ಕಿವುಚಿ, ಸಕ್ಕರೆ, ಒಂದು ಹಿಡಿ ಗೋಧಿ, ಚಕ್ಕೆ ಲವಂಗ, ಚಿಟಿಕೆ ಯೀಸ್ಟ್ ಹಾಕಿ ಉಪ್ಪಿನಕಾಯಿಯ ದೊಡ್ಡ ಜಾಡಿಗೆ ತುಂಬಿ ಬಾಯಿಗೆ ಬಟ್ಟೆ ಕಟ್ಟಿ ಇಡುತ್ತಾರೆ. ದಿನಾ ಮರದ ಸೌಟಿನಲ್ಲಿ ಕೈಯಾಡಿಸಬೇಕು. ಜಾಡಿಗೆ ಕಿವಿ ಇಟ್ಟರೆ ಒಳಗೆ ಸಣ್ಣಗೆ ಚುಯ್ ಎನ್ನುವ ಸದ್ದು. ಮೂರು ವಾರ ಕಳೆದ ಮೇಲೆ ಸೋಸಿ ಬಾಟಲಿಗೆ ತುಂಬಿ, ಮಧ್ಯರಾತ್ರಿಯ ಪೂಜೆ ಮುಗಿಸಿ ಬಂದ ಮೇಲೆ ಪುಟ್ಟ ಗ್ಲಾಸಿನಲ್ಲಿ ಕೇಕಿನ ಜೊತೆ ಎಲ್ಲರಿಗೂ. ಪೂಜೆ ಮೊದಲು, ವೈನು ಆಮೇಲೆ. ಇದನ್ನು ಯಾವ ಕಾನೂನೂ ಹೇಳಿಕೊಡಲಿಲ್ಲ, ಮನೆಯ ಹೆಂಗಸರು ಇಟ್ಟ ಕ್ರಮ ಅದು, ಮತ್ತು ಅದು ಸರಿಯಾದ ಕ್ರಮ. ಕೊಂಕಣಿ ಕಥೋಲಿಕರ ಮದುವೆಯಲ್ಲೂ ಟೋಸ್ಟ್ ಎತ್ತುವುದು ಚರ್ಚಿನ ವಿಧಿ ಮುಗಿದು ಹಾಲ್‌ಗೆ ಬಂದ ಮೇಲೆ. ಈಗೀಗ ಸಂಜೆ ಪೂಜೆಯ ಮದುವೆಗಳಲ್ಲಿ, ಮನೆಯ ಟೆರೇಸಿನಲ್ಲಿ ಮಧ್ಯಾಹ್ನವೇ ಬಾಟಲಿ ತೆರೆದು, ವರನ ಗೆಳೆಯರು ಕಣ್ಣು ಕೆಂಪಗೆ ಮಾಡಿಕೊಂಡು ಬಲಿಪೀಠದ ಹತ್ತಿರ ನಿಲ್ಲುವುದನ್ನು ನೋಡಿದ್ದೇನೆ. ಕ್ರಮ ತಿರುಗಿಬಿದ್ದರೆ ಒಂದು ಗಂಟೆಯ ನಿಯಮ ಅದನ್ನು ಎತ್ತಿ ನಿಲ್ಲಿಸಲಾರದು.

ಎಷ್ಟು ಕುಡಿದರೆ ಪಾಪ ಎಂಬ ಪ್ರಶ್ನೆಗೆ ಅಕ್ವಿನಾಸರ ಉತ್ತರವೇ ಇವತ್ತಿಗೂ ದಾರಿ. ಅವರು ಲೋಟ ಎಣಿಸುವುದಿಲ್ಲ, ಮನಸ್ಸು ನೋಡುತ್ತಾರೆ. ಅಮಲೇರುತ್ತದೆ ಎಂದು ತಿಳಿಯದೆ ಕುಡಿದವನಲ್ಲಿ ಆ ಪಾಪವಿಲ್ಲ. ಹೆಚ್ಚಾಯಿತು ಎಂದು ಗೊತ್ತಿದ್ದೂ ಮತ್ತೇರುವಷ್ಟಲ್ಲ ಅಂದುಕೊಂಡು ಕುಡಿದವನದ್ದು ಲಘು ಪಾಪ. ಬುದ್ಧಿ ಹೋಗುತ್ತದೆ ಎಂದು ಚೆನ್ನಾಗಿ ತಿಳಿದೂ, ಬಿಡುವುದಕ್ಕಿಂತ ಬುದ್ಧಿ ಕಳೆದುಕೊಳ್ಳುವುದೇ ಮೇಲು ಎಂದು ಆರಿಸಿಕೊಂಡವನದ್ದು ಮಾರಕ ಪಾಪ. ದೇವರು ಕೊಟ್ಟ ವಿವೇಕವನ್ನು ಬೇಕೆಂದೇ ನಂದಿಸಿ, ಆ ಕತ್ತಲೆಯಲ್ಲಿ ಇನ್ನೇನು ಮಾಡಲೂ ತನ್ನನ್ನು ಒಡ್ಡಿಕೊಂಡದ್ದು ಅಲ್ಲಿನ ಗುರುತರ ತಪ್ಪು. ಧರ್ಮೋಪದೇಶ ಗ್ರಂಥದ 2290ನೇ ಪರಿಚ್ಛೇದ ಕುಡಿದು ಅಥವಾ ವೇಗದ ಹುಚ್ಚಿನಿಂದ ರಸ್ತೆಯಲ್ಲಿ ತಮ್ಮ ಮತ್ತು ಇತರರ ಜೀವಕ್ಕೆ ಅಪಾಯ ತರುವವರ ಮೇಲೆ ಭಾರಿ ಅಪರಾಧ ಹೊರಿಸುತ್ತದೆ. ಕ್ರಿಸ್ಮಸ್ ರಾತ್ರಿ ಮೂವರನ್ನು ಕೂರಿಸಿಕೊಂಡು ಬೈಕ್ ಓಡಿಸುವ ನಮ್ಮ ಹುಡುಗರಿಗೆ ಇದನ್ನು ಪ್ರಬೋಧನೆಯಲ್ಲಿ ಒಮ್ಮೆಯಾದರೂ ಓದಿ ಹೇಳಬೇಕು.

ಮಾರಕ ಪಾಪದ ಅರಿವಿದ್ದವರು ಪಾಪನಿವೇದನೆ ಮಾಡದೆ ಪರಮಪ್ರಸಾದ ಸ್ವೀಕರಿಸಬಾರದು. ಒಂದು ಗಂಟೆ ಕಳೆದರೂ ಅಷ್ಟೆ, ಒಂದು ವಾರ ಕಳೆದರೂ ಅಷ್ಟೆ. ಮೈಯಿಂದ ಮದ್ಯ ಇಳಿದುಹೋಗಬಹುದು, ಮಾಡಿದ್ದು ಹೋಗುವುದಿಲ್ಲ. ಇನ್ನೊಂದು ಕಡೆ, ಅಪ್ಪನ ಹುಟ್ಟುಹಬ್ಬಕ್ಕೆ ಮಧ್ಯಾಹ್ನ ಒಂದು ಗ್ಲಾಸು ವೈನು ಕುಡಿದ ಮಗಳು ಸಂಜೆಯ ಪೂಜೆಯಲ್ಲಿ ಹೆದರಿ ಹಿಂದೆ ಉಳಿಯುವ ಅಗತ್ಯವೂ ಇಲ್ಲ.

ಆದರೆ ಕುಡಿತ ಚಟವಾಗಿ ಹಿಡಿದವನ ವಿಷಯ? ಇಲ್ಲಿ ನಾನು ನಿಧಾನವಾಗಿ ಮಾತಾಡಬೇಕು, ಯಾಕೆಂದರೆ ಮೇಲೆ ಹೇಳಿದ ಷರ್ಟಿನ ಗಂಡಸನ್ನು ಬರೀ ಅಪರಾಧಿಯನ್ನಾಗಿ ನಿಲ್ಲಿಸಿ ಹೋದರೆ ಅದೂ ಅನ್ಯಾಯ. ಅಭ್ಯಾಸ, ಭಯ, ಮನಸ್ಸಿನ ಮತ್ತು ಸಮಾಜದ ಒತ್ತಡಗಳು ಒಬ್ಬನ ಹೊಣೆಯನ್ನು ಕಡಿಮೆ ಮಾಡಬಹುದು, ಇಲ್ಲವಾಗಿಸಲೂಬಹುದು ಎಂದು ಅದೇ ಧರ್ಮೋಪದೇಶ ಗ್ರಂಥ 1735ರಲ್ಲಿ ಒಪ್ಪುತ್ತದೆ. ಧರ್ಮಸಭೆ ಇದನ್ನು ಕಲಿಯಲು ಸಮಯ ತೆಗೆದುಕೊಂಡಿತು. ಚೀನಾದ ಸಂತ ಮಾರ್ಕ್ ಜಿ ತಿಯಾನ್‌ಶಿಯಾಂಗರ ಬದುಕು ಇದಕ್ಕೆ ಸಾಕ್ಷಿ. 1834ರಲ್ಲಿ ಹುಟ್ಟಿದ ಅವರು ವೈದ್ಯರು, ಬಡವರಿಗೆ ಹಣವಿಲ್ಲದೆ ಔಷಧ ಕೊಡುತ್ತಿದ್ದವರು. ತಮ್ಮ ಹೊಟ್ಟೆಯ ಕಾಯಿಲೆಗೆ ಅಫೀಮು ತೆಗೆದುಕೊಳ್ಳಲು ಹೋಗಿ ಅದಕ್ಕೆ ದಾಸರಾದರು. ಮತ್ತೆ ಮತ್ತೆ ಅದೇ ಪಾಪ ಹೇಳಿಕೊಂಡು ಬರುವವನಿಗೆ ಬಿಡುವ ಮನಸ್ಸೇ ಇಲ್ಲವೆಂದು ಗುರುಗಳು ಭಾವಿಸಿದರು, ಚಟ ಬಿಡುವವರೆಗೆ ಸಂಸ್ಕಾರಗಳಿಲ್ಲ ಎಂದರು. ಮೂವತ್ತು ವರ್ಷ ಅವರಿಗೆ ಪರಮಪ್ರಸಾದ ಸಿಗಲಿಲ್ಲ, ಅವರು ಚರ್ಚು ಬಿಡಲಿಲ್ಲ. 1900ರಲ್ಲಿ ವಿದೇಶೀಯರ, ಕ್ರೈಸ್ತರ ವಿರುದ್ಧ ಎದ್ದ ಬಾಕ್ಸರ್ ದಂಗೆಯಲ್ಲಿ ಕುಟುಂಬದವರೊಂದಿಗೆ ಅವರನ್ನು ಹಿಡಿದು ಕೊಂದರು. ತನ್ನವರಲ್ಲಿ ಯಾರೂ ಒಂಟಿಯಾಗಿ ಸಾಯಬಾರದೆಂದು ತನ್ನನ್ನು ಕೊನೆಯಲ್ಲಿ ಕೊಲ್ಲುವಂತೆ ಕೇಳಿಕೊಂಡರು ಎಂದು ಹೇಳುತ್ತಾರೆ. 2000ದ ಅಕ್ಟೋಬರ್ 1ರಂದು ಪೋಪ್ ಎರಡನೆಯ ಜಾನ್ ಪಾಲರು ಅವರನ್ನು ಸಂತರೆಂದು ಸಾರಿದರು. ಚಟ ಕಡೆಯವರೆಗೂ ಅವರನ್ನು ಬಿಟ್ಟಿರಲಿಲ್ಲ.

ಡಬ್ಲಿನ್ನಿನ ಮ್ಯಾಟ್ ಟಾಲ್ಬಟ್‌ರದ್ದು ಬೇರೆ ದಾರಿ. 1856ರಲ್ಲಿ ಬಡವರ ಮನೆಯಲ್ಲಿ ಹುಟ್ಟಿ, ಹನ್ನೆರಡನೆಯ ವಯಸ್ಸಿನಷ್ಟರಲ್ಲೇ ಮದ್ಯದ ಅಂಗಡಿಯ ಕೆಲಸಕ್ಕೆ ಸೇರಿ ಅಲ್ಲೇ ಕುಡಿತ ಕಲಿತರು. ಕುಡಿಯಲು ದುಡ್ಡಿಲ್ಲದಾಗ ಬೀದಿಯಲ್ಲಿ ಪಿಟೀಲು ನುಡಿಸಿ ಬದುಕುವವನೊಬ್ಬನ ಪಿಟೀಲನ್ನೇ ಕದ್ದು ಮಾರಿದ್ದೂ ಉಂಟು. 1884ರಲ್ಲಿ ಒಂದು ದಿನ ಮೂರು ತಿಂಗಳು ಕುಡಿಯುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ಆಮೇಲೆ ಆರು ತಿಂಗಳು, ಆಮೇಲೆ ಬದುಕಿರುವವರೆಗೆ. ದಿನಾ ಕೆಲಸಕ್ಕೆ ಹೋಗುವ ಮುನ್ನ ಮುಂಜಾನೆಯ ಪೂಜೆ ಅವರಿಗೆ ಆಸರೆಯಾಯಿತು. ಪಿಟೀಲಿನವನನ್ನು ವರ್ಷಗಟ್ಟಲೆ ಹುಡುಕಿದರು. ಸಿಗದಾಗ ಅವನ ಹೆಸರಲ್ಲಿ ಪೂಜೆಗಳನ್ನು ಮಾಡಿಸಿದರು. ನನಗೆ ಅವರ ಕಠಿಣ ತಪಸ್ಸಿಗಿಂತ ಈ ಹುಡುಕಾಟ ದೊಡ್ಡದಾಗಿ ಕಾಣುತ್ತದೆ. ತನ್ನ ಕುಡಿತದಿಂದ ಹಸಿದವನು ಯಾರು ಎಂಬ ಪೌಲರ ಪ್ರಶ್ನೆಯನ್ನು ಅವರು ಕಾಲ್ನಡಿಗೆಯಲ್ಲಿ ಹೊತ್ತು ತಿರುಗಿದರು. 1925ರ ಜೂನ್ 7ರಂದು ಪೂಜೆಗೆ ಹೋಗುವ ದಾರಿಯಲ್ಲೇ ಕುಸಿದು ಸತ್ತರು. 1975ರಲ್ಲಿ ಧರ್ಮಸಭೆ ಅವರನ್ನು ಪೂಜ್ಯರೆಂದು ಗೌರವಿಸಿತು, ಸಂತ ಪದವಿಯ ದಾರಿಯ ಒಂದು ಮೆಟ್ಟಿಲು ಅದು.

ಕುಡಿತ ಬಿಟ್ಟವರಿಗೆ ಪೂಜೆಯಲ್ಲೇ ಒಂದು ಅಪಾಯ ಎದುರಾಗಬಹುದು ಎಂಬುದು ಅನೇಕರಿಗೆ ಹೊಳೆಯುವುದಿಲ್ಲ. ಪಾನಪಾತ್ರೆಯಲ್ಲಿರುವುದು ಕ್ರಿಸ್ತರ ರಕ್ತ ಎಂದು ನಾವು ನಂಬುತ್ತೇವೆ, ಆದರೆ ದ್ರಾಕ್ಷಾರಸದ ಗುಣಗಳು ಹಾಗೇ ಉಳಿದಿರುತ್ತವೆ, ಅಮಲೂ ಸೇರಿದಂತೆ. ವಿಶ್ವಾಸಿಗಳಿಗೆ ತೊಂದರೆಯಿಲ್ಲ: ರೊಟ್ಟಿಯ ರೂಪದಲ್ಲೇ ಕ್ರಿಸ್ತರು ಪೂರ್ಣವಾಗಿ ಇರುವುದರಿಂದ, ರೊಟ್ಟಿ, ದ್ರಾಕ್ಷಾರಸ ಎರಡೂ ರೂಪದಲ್ಲಿ ಕೊಡುವ ದಿನಗಳಲ್ಲಿ ಅವರು ಪಾತ್ರೆಯನ್ನು ಮುಟ್ಟದೆ ಮುಂದೆ ಹೋಗಬಹುದು. ಪೂಜೆ ಅರ್ಪಿಸುವ ಗುರುವಿಗೆ ಆ ದಾರಿಯಿಲ್ಲ. ಹಾಗಾಗಿ ಕುಡಿತದ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವ ಗುರುಗಳು ಧರ್ಮಾಧ್ಯಕ್ಷರ (ಬಿಷಪ್ಪರ) ಅನುಮತಿ ಪಡೆದು ಮುಸ್ತುಂ ಬಳಸಬಹುದು. ಹುದುಗಲು ಶುರುವಾಗುತ್ತಿದ್ದಂತೆಯೇ ತಡೆದ ದ್ರಾಕ್ಷಿರಸ ಅದು. 2003ರ ಜುಲೈ 24ರ ವ್ಯಾಟಿಕನ್ ಪತ್ರ ಇದನ್ನು ವಿವರವಾಗಿ ಹೇಳಿದೆ. ಒಬ್ಬ ಗುರು ಕುಡಿತದೊಡನೆ ಹೋರಾಡುತ್ತಿದ್ದರೆ ಅದನ್ನು ಪಿಸುಮಾತಿನಲ್ಲಿ ಹಂಚಿಕೊಳ್ಳುವ ಊರವರಿಗೆ ಇದೂ ತಿಳಿದಿರಲಿ.

ಪಿಸುಮಾತು ಅಂದಾಗ ಇನ್ನೊಂದನ್ನು ಹೇಳಬೇಕು. ಪರಮಪ್ರಸಾದದ ಸಾಲಿಗೆ ಎದ್ದುಹೋಗದವರ ಕಡೆ ನಾವು ಬೀರುವ ನೋಟ. ಹಳೆಯ ಉಪವಾಸ ಕಟ್ಟುನಿಟ್ಟಾಗಿದ್ದಾಗ ಅದರಲ್ಲಿ ಒಂದು ಕರುಣೆಯೂ ಅಡಗಿತ್ತು: ಕೂತಲ್ಲೇ ಉಳಿದವರನ್ನು ನೋಡಿದರೆ ರಾತ್ರಿ ನೀರು ಕುಡಿದಿರಬೇಕು ಅಂದುಕೊಳ್ಳಬಹುದಿತ್ತು. ಈಗ ಎಲ್ಲರೂ ಏಳುತ್ತಾರೆ, ಹಾಗಾಗಿ ಏಳದವನು ಎದ್ದು ಕಾಣುತ್ತಾನೆ. ಆ ಮುಜುಗರಕ್ಕೆ ಹೆದರಿಯೇ ಎಷ್ಟೋ ಜನ ಮನಸ್ಸು ಒಪ್ಪದಿದ್ದರೂ ಸಾಲಿಗೆ ಸೇರಿಕೊಳ್ಳುತ್ತಾರೆ. ಕೂತಲ್ಲೇ ಕಣ್ಣುಮುಚ್ಚಿ, ಪ್ರಭುವೇ ಈಗ ನಿಮ್ಮನ್ನು ಸಂಸ್ಕಾರದಲ್ಲಿ ಸ್ವೀಕರಿಸಲಾರೆ, ಮನಸ್ಸಿಗಾದರೂ ಬನ್ನಿ ಎಂದು ಬೇಡಿಕೊಳ್ಳುವ ಆಧ್ಯಾತ್ಮಿಕ ಪರಮಪ್ರಸಾದ ನಮ್ಮಲ್ಲಿ ಹಳೆಯ, ಗೌರವದ ಪದ್ಧತಿ. ಸಂತ ಅಲ್ಫೋನ್ಸ್ ಲಿಗೋರಿಯವರು ಅದಕ್ಕೆಂದೇ ಪ್ರಾರ್ಥನೆ ಬರೆದುಕೊಟ್ಟಿದ್ದಾರೆ. ಕೊರೋನಾ ಕಾಲದಲ್ಲಿ ಟಿವಿಯ ಮುಂದೆ ಕೂತು ಎಲ್ಲರೂ ಅದನ್ನು ಹೇಳಿದೆವು, ಚರ್ಚಿನ ಬಾಗಿಲು ತೆರೆದ ಮೇಲೆ ಮರೆತೆವು.

ಪರಮಪ್ರಸಾದ ಪರಿಪೂರ್ಣರಿಗೆ ಕೊಡುವ ಬಹುಮಾನವಲ್ಲ, ಬಲಹೀನರಿಗೆ ಔಷಧಿ ಎಂದು 2013ರಲ್ಲಿ ಪೋಪ್ ಫ್ರಾನ್ಸಿಸ್ ಬರೆದರು. ಅದನ್ನು ಪೂರ್ತಿಯಾಗಿ ನಂಬುತ್ತೇನೆ. ಔಷಧಿಯಾದ್ದರಿಂದಲೇ ಅದಕ್ಕೆ ಪಥ್ಯವೂ ಇದೆ, ಆ ಪಥ್ಯ ಪೌಲರು ಬರೆದುಕೊಟ್ಟದ್ದು. ನಿಂದೆಯನ್ನೆಲ್ಲ ಮುಗಿಸಿದ ಮೇಲೆ ಅವರು ಕೊರಿಂಥದವರಿಗೆ ಹೇಳಿದ ಪರಿಹಾರ ಬಹಳ ಸರಳ: ಊಟಕ್ಕೆ ಕೂಡಿಬಂದಾಗ ಒಬ್ಬರಿಗಾಗಿ ಒಬ್ಬರು ಕಾಯಿರಿ. ಅಂದರೆ ಶನಿವಾರದ ಬಟವಾಡೆ ಮೊದಲು ಮನೆ ಮುಟ್ಟಲಿ. ಮಕ್ಕಳು ಊಟ ಮಾಡಿದರಾ ಎಂದು ಕೇಳಿ ಆಮೇಲೆ ಉಳಿದದ್ದು. ರಾತ್ರಿ ಕೈ ಎತ್ತಿದವನು ಬೆಳಿಗ್ಗೆ ಚರ್ಚಿಗೆ ಹೊರಡುವ ಮೊದಲು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿಯ ಹತ್ತಿರ ಮಾತಾಡಲಿ. ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಎಂದ ಯೇಸುಸ್ವಾಮಿಯ ಮಾತು ಇದನ್ನೇ ಕೇಳುತ್ತದೆ.

ಧರ್ಮಕೇಂದ್ರಗಳಿಂದಲೂ ನನ್ನದೊಂದು ಕೋರಿಕೆ ಇದೆ. ನಮ್ಮ ಬಹಳ ಕಡೆ ಪಾಪನಿವೇದನೆಯ ಹೊತ್ತು ಶನಿವಾರ ಸಂಜೆ ಐದೂವರೆಯಿಂದ. ಫಾದರ್ ಪಾಪನಿವೇದನೆಯ ಪೀಠದಲ್ಲಿ ಕೂರುವ ಹೊತ್ತಿಗೆ ಕೂಲಿಯವರು ಇನ್ನೂ ಬಟವಾಡೆಗೆ ನಿಂತಿರುತ್ತಾರೆ. ಆ ಸಂಜೆ ಪಾಪ ಹೇಳಿಕೊಳ್ಳಲು ಬರುವವರು ಹೆಚ್ಚಾಗಿ ನಿವೃತ್ತರಾದ ಅಜ್ಜ ಅಜ್ಜಿಯರು ಮತ್ತು ಕಾನ್ವೆಂಟಿನ ಸಿಸ್ಟರುಗಳು. ಯಾರಿಗೆ ಅದು ತುರ್ತಾಗಿ ಬೇಕೋ ಅವನು ಪಾಪ ಮಾಡುವುದೇ ಅದು ಮುಗಿದ ಮೇಲೆ. ಬೆಳಿಗ್ಗೆ ಎದ್ದಾಗ ಅವನಿಗೆ ಎರಡೇ ದಾರಿ: ಸುಮ್ಮನೆ ಸಾಲಿಗೆ ಹೋಗುವುದು, ಇಲ್ಲವೇ ಪೂಜೆಗೇ ಹೋಗದಿರುವುದು. ವಿಶ್ವಾಸಿಗಳಿಗೆ ಅನುಕೂಲವಾದ ದಿನ ಮತ್ತು ಹೊತ್ತಿನಲ್ಲಿ ಪಾಪನಿವೇದನೆ ಸಿಗುವಂತೆ ನೋಡಿಕೊಳ್ಳುವುದು ಗುರುಗಳ ಕರ್ತವ್ಯ ಎಂದು 986ನೇ ನಿಯಮ ಹೇಳುತ್ತದೆ. ಭಾನುವಾರ ಮೊದಲ ಪೂಜೆಗೆ ಅರ್ಧ ಗಂಟೆ ಮುಂಚೆ, ಚರ್ಚಿನ ಪಕ್ಕದ ಬಾಗಿಲ ಹತ್ತಿರ, ಒಬ್ಬ ಗುರುಗಳು ಕೂತಿರಲಿ. ಬರುವವರು ಮೊದಲ ವಾರ ಇಬ್ಬರೇ ಇರಬಹುದು, ಆದರೂ ಕೂತಿರಲಿ.